ಮೊದಲ ಮುಟ್ಟಿನ ವಯಸ್ಸು ಹೇಳೋದು ಹೊಟ್ಟೆಯ ಕಥೆ, ಮದುವೆಯ ಕಥೆಯಲ್ಲ

ತಾಳಿಕೋಟೆ ಅಂದ ಕೂಡಲೇ ಎಲ್ಲರೂ 1565ರ ಯುದ್ಧದ ಬಗ್ಗೆ ಕೇಳ್ತಾರೆ. ಇವತ್ತು ಯುದ್ಧ ಇಲ್ಲ. ನಮ್ಮೂರ ಮನೆ ಮನೆಯಲ್ಲೂ ನಡೆದ ಇನ್ನೊಂದು ಇತಿಹಾಸ ಇದೆ: ಹುಡುಗಿಯರು ಮೊದಲ ಸಲ ಮುಟ್ಟಾಗುವ ವಯಸ್ಸಿನದು.

ನಮ್ಮ ಕಡೆ ಎರಡು ಮಾತು ಈಗಲೂ ಕಿವಿಗೆ ಬೀಳ್ತಾವೆ. ಒಂದು, “ನಮ್ಮಲ್ಲಿ ಬಿಸಿಲು ಭಾಳ, ಹುಡುಗ್ಯಾರು ಲಗೂನ ಮೈನೆರಿತಾರ.” ಎರಡು, “ಆಕಿ ದೊಡ್ಡಾಕಿ ಆಗ್ಯಾಳ, ಇನ್ನ ವರಾ ನೋಡ್ರಿ.”

ಮೊದಲನೇ ಮಾತು ಫ್ರಾನ್ಸಿನಲ್ಲೂ ಇತ್ತು. ಬಿಸಿ ದೇಶದ ಹುಡುಗಿಯರು ಎಂಟು, ಒಂಬತ್ತು, ಹತ್ತು ವರ್ಷಕ್ಕೇ ಮದುವೆಗೆ ಸಿದ್ಧ ಅಂತ ಮಾಂಟೆಸ್ಕ್ಯೂ 1748ರಲ್ಲೇ ಬರೆದಿದ್ದ. ಸುಮಾರು ನೂರು ವರ್ಷದ ನಂತರ ಮ್ಯಾಂಚೆಸ್ಟರಿನ ವೈದ್ಯ ಜಾನ್ ರಾಬರ್ಟನ್, ಭಾರತವೂ ಸೇರಿ ಹಲವು ದೇಶಗಳ ಮಾಹಿತಿ ತರಿಸಿ ಇದನ್ನು ಪ್ರಶ್ನಿಸಿದ. ಬೇಗ ಮದುವೆ ಮಾಡೋದು ಪದ್ಧತಿ, ಅದಕ್ಕೆ ಹವೆ ಕಾರಣ ಅಲ್ಲ ಅನ್ನೋದು ಅವನ ವಾದ.

ಹಾಗಾದ್ರೆ ಕಾರಣ ಏನು? ಅಂದಿನ ಯೂರೋಪಿನ ಹಲವು ಕಡೆ ಈ ವಯಸ್ಸು 16ರ ಆಸುಪಾಸು ಇತ್ತು. 20ನೇ ಶತಮಾನದ ಕೊನೆಗೆ 13ರ ಹತ್ತಿರ ಬಂತು. ಅಲ್ಲಿನ ಜನಾಂಗ ಬದಲಾಗಲಿಲ್ಲ. ಊಟ ಸುಧಾರಿಸಿತು, ಕಾಯಿಲೆ ಕಡಿಮೆಯಾಯ್ತು. 1991ರಲ್ಲಿ ಸ್ವೀಡನ್ನಿನ ಸಂಶೋಧಕರು ಭಾರತದಿಂದ ದತ್ತು ಹೋದ ಹುಡುಗಿಯರನ್ನು ನೋಡಿದರು. ಅವರು ಮುಟ್ಟಾಗಿದ್ದು ಸರಾಸರಿ ಹನ್ನೊಂದೂವರೆಗೆ. ಸ್ವೀಡನ್ನಿನ ಹುಡುಗಿಯರಿಗಿಂತಲೂ ಬೇಗ. ಹಸಿದಿದ್ದ ಮೈಗೆ ಒಮ್ಮೆಲೇ ಒಳ್ಳೆ ಊಟ ಸಿಕ್ಕರೆ ಬೆಳವಣಿಗೆ ಓಡುತ್ತೆ. ತಾಯಿಯಿಂದ ಮಗಳಿಗೆ ಬರೋ ಅನುವಂಶಿಕತೆಯೂ ಇದೆ, ಸುಳ್ಳಲ್ಲ. ಆದರೆ ಅರೆಹೊಟ್ಟೆ, ರಕ್ತಹೀನತೆ, ಚಿಕ್ಕಂದಿನಿಂದ ಹೊಲದ ದುಡಿಮೆ ಇದ್ದಲ್ಲಿ ಮುಟ್ಟು ತಡವಾಗುತ್ತೆ.

ಈಗ ನಮ್ಮೂರಿಗೆ ಬರೋಣ. 1876–78ರ ಬರಗಾಲ ಆಗಿನ ಕಲಾದಗಿ ಜಿಲ್ಲೆಯನ್ನು, ಅಂದ್ರೆ ನಮ್ಮ ಭಾಗವನ್ನೇ, ಹಿಂಡಿ ಹಾಕಿತ್ತು. ಅದಾಗಿ ಹದಿಮೂರು ವರ್ಷಕ್ಕೆ, 1891ರಲ್ಲಿ, ಬ್ರಿಟಿಷ್ ಸರ್ಕಾರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಬಂಗಾಳದ ಬಾಲೆ ಫೂಲ್‌ಮಣಿ ಸತ್ತಿದ್ದಳು. ಹತ್ತು ದಾಟಿದ್ದಳು ಅನ್ನೋ ಕಾರಣಕ್ಕೆ ಗಂಡನ ಮೇಲೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. ಆದರೂ ಕಾನೂನಿಗೆ ವಿರೋಧ ಬಂತು: ಮುಟ್ಟಾದ ಕೂಡಲೇ ಗರ್ಭಾಧಾನ ಆಗಬೇಕು, ಅದು ಧರ್ಮ ಅಂತ. ಮುಂಬೈ ಪ್ರಾಂತ್ಯದಲ್ಲಿದ್ದ ನಮಗೆ ಈ ಕಾನೂನು ಅನ್ವಯಿಸಿತು. ಮೈಸೂರು ಸಂಸ್ಥಾನ 1894ರಲ್ಲಿ 8 ವರ್ಷದೊಳಗಿನ ಹುಡುಗಿಯ ಮದುವೆ ನಿಷೇಧಿಸಿತು. 1929ರ ಶಾರದಾ ಕಾಯ್ದೆ 14 ಅಂದಿತು. ಈಗ 18.

ನಾನು ಬಿ.ಕಾಂ ಓದಿದವಳು, ಲೆಕ್ಕ ಹಾಕೋದು ರೂಢಿ. ಮನೆಯಲ್ಲಿ ಹಾಲು, ಮೊಟ್ಟೆ, ಬೇಳೆ ಹೆಚ್ಚಾದಂತೆ ಮುಟ್ಟಿನ ವಯಸ್ಸು ಇಳಿಯುತ್ತೆ. ಮೈನೆರೆಯೋದೇ ಮದುವೆಯ ಅಳತೆಗೋಲು ಅಂದ್ರೆ, ಮಗಳಿಗೆ ಚೆನ್ನಾಗಿ ಉಣಿಸಿದ ಮನೆಯೇ ಆಕೆಯನ್ನು ಎಲ್ಲರಿಗಿಂತ ಮೊದಲು ಕಳಿಸಬೇಕು! ಈ ಲೆಕ್ಕ ಎಲ್ಲಿಯಾದರೂ ತಾಳೆಯಾಗುತ್ತಾ? ಮುಟ್ಟು ಶುರುವಾದರೂ ಹುಡುಗಿಯ ಎಲುಬು, ಕಟಿ ಇನ್ನೂ ಬೆಳೀತಾ ಇರುತ್ತವೆ. ಓದು ಅಂತೂ ಏಳನೇ, ಎಂಟನೇ ಕ್ಲಾಸಿನಲ್ಲೇ ಇರುತ್ತೆ.

ಮುಂದಿನ ಸಲ “ದೊಡ್ಡಾಕಿ ಆಗ್ಯಾಳ” ಅಂತ ಯಾರಾದ್ರೂ ವರ ಹುಡುಕೋಕೆ ಹೊರಟರೆ ಈ ಲೆಕ್ಕ ಹೇಳಿ. ಕೇಳದಿದ್ರೆ ಮಕ್ಕಳ ಸಹಾಯವಾಣಿ 1098 ಇದೆ. ಸಿಗೋಣ.