ಬಾಡಿಗೆ ಮನೆಗೆ ಹೋಮ್ ವಾರಂಟಿ: ಹಣದ ಲೆಕ್ಕ, ಗಡುವಿನ ಲೆಕ್ಕ

ಅಮೆರಿಕದಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಹೋಮ್ ವಾರಂಟಿ ಕೊಳ್ಳಬೇಕೇ ಎಂಬುದನ್ನು ಎಲ್ಲರೂ ಹಣದ ಪ್ರಶ್ನೆಯೆಂದೇ ಚರ್ಚಿಸುತ್ತಾರೆ: ವರ್ಷಕ್ಕೆ ಕಟ್ಟಿದ್ದೆಷ್ಟು, ರಿಪೇರಿಯಲ್ಲಿ ಉಳಿದದ್ದೆಷ್ಟು. ಸ್ವಂತ ಮನೆಯಲ್ಲಿ ವಾಸವಿರುವವರಿಗೆ ಆ ಲೆಕ್ಕ ಸಾಕು. ಬಾಡಿಗೆಗೆ ಕೊಟ್ಟವರಿಗೆ ಸಾಲದು. ಕೆಟ್ಟ ಯಂತ್ರ ಒಬ್ಬರದು, ಅದಿಲ್ಲದೆ ದಿನ ದೂಡುವವರು ಇನ್ನೊಬ್ಬರು. ಆ ಇನ್ನೊಬ್ಬರ ಪರವಾಗಿ ಕಾನೂನು ದಿನ ಎಣಿಸುತ್ತಿರುತ್ತದೆ. ವಾರಂಟಿ ಕಂಪನಿ ಖರ್ಚಿನ ಒಂದು ಭಾಗವನ್ನು ಹೊರಬಲ್ಲದು. ಗಡುವನ್ನು ಹೊರಲಾರದು ಎಂಬುದು ಈ ಟಿಪ್ಪಣಿಯ ವಾದ.

ಬೆಂಕಿ, ಬಿರುಗಾಳಿ, ಕಳ್ಳತನಕ್ಕೆ ಮನೆ ವಿಮೆ ಬೇರೆಯೇ ಇದೆ. ಹೋಮ್ ವಾರಂಟಿ ಸಾಮಾನ್ಯವಾಗಿ ಒಂದು ವರ್ಷದ ಸೇವಾ ಒಪ್ಪಂದ. ಬಳಸಿ ಬಳಸಿ ಸವೆದು ಕೆಟ್ಟ ಎಸಿ, ಫರ್ನೇಸ್, ವಾಟರ್ ಹೀಟರ್, ಪೈಪು, ವೈರಿಂಗ್‌ಗಳನ್ನು ಕಂಪನಿ ತಾನು ಗೊತ್ತುಮಾಡಿದ ಮೆಕ್ಯಾನಿಕ್‌ನಿಂದ ರಿಪೇರಿ ಮಾಡಿಸುತ್ತದೆ. ವಾರ್ಷಿಕ ಕಂತಲ್ಲದೆ, ಮೆಕ್ಯಾನಿಕ್ ಬಂದಾಗಲೆಲ್ಲ ಭೇಟಿ ಶುಲ್ಕವೂ ಉಂಟು. ಒಂದೊಂದು ಯಂತ್ರಕ್ಕೂ ಇಂತಿಷ್ಟೇ ಎಂಬ ಮಿತಿ ಇರುತ್ತದೆ. ಎಸಿಗೆ ತುಂಬುವ ಅನಿಲಕ್ಕೆ ಪ್ರತ್ಯೇಕ ಮಿತಿ ಹಾಕುವ ಒಪ್ಪಂದಗಳೂ ಇವೆ. ಆರ್-22 ಅನಿಲದ ಹೊಸ ಉತ್ಪಾದನೆ, ಆಮದು ಎರಡೂ 2020ರಲ್ಲಿ ನಿಂತ ಮೇಲೆ ಹಳೆಯ ಎಸಿಯ ಮಾಲೀಕರಿಗೆ ಆ ಒಂದು ಸಾಲು ದುಬಾರಿ. ಕ್ಯಾಲಿಫೋರ್ನಿಯಾದಲ್ಲಿ ಈ ಕಂಪನಿಗಳು ವಿಮಾ ಇಲಾಖೆಯ ಅಧೀನ. ಟೆಕ್ಸಾಸ್‌ನಲ್ಲಿ 2021ರಿಂದ ಲೈಸೆನ್ಸಿಂಗ್ ಇಲಾಖೆಯ ಅಧೀನ.

ಮೊದಲೇ ಇದ್ದ ದೋಷ, ಆರೈಕೆಯಿಲ್ಲದೆ ಕೆಟ್ಟದ್ದು ಒಪ್ಪಂದದ ಹೊರಗೆ. ಬಾಡಿಗೆ ಮನೆಯಲ್ಲಿ ಇದು ತೊಡಕಿನ ವಿಷಯ. ಎಸಿಯ ಫಿಲ್ಟರ್ ಬದಲಿಸುವ ಹೊಣೆಯನ್ನು ಅನೇಕ ಬಾಡಿಗೆ ಕರಾರುಗಳು ಬಾಡಿಗೆದಾರರಿಗೇ ಬಿಡುತ್ತವೆ. ಅವರು ಬದಲಿಸದಿದ್ದರೆ 'ಆರೈಕೆ ಮಾಡಿಲ್ಲ' ಎಂದು ಕಂಪನಿ ಕೈತೊಳೆದುಕೊಳ್ಳಬಹುದು. ತಾನು ಕಣ್ಣಾರೆ ನೋಡದ ನಿರ್ಲಕ್ಷ್ಯಕ್ಕೆ ಮಾಲೀಕ ದಂಡ ತೆರುತ್ತಾನೆ.

ಹಣದ ಲೆಕ್ಕಕ್ಕೆ ಒಳ್ಳೆಯ ಆಧಾರ ಒಂದಿದೆ. ಈ ವ್ಯಾಪಾರದ ಹಳೆಯ ಕಂಪನಿ ಅಮೆರಿಕನ್ ಹೋಮ್ ಶೀಲ್ಡ್, 1971ರದು. ಅದರ ಮಾತೃಸಂಸ್ಥೆ ಫ್ರಂಟ್‌ಡೋರ್ 2018ರಲ್ಲಿ ಸರ್ವಿಸ್‌ಮಾಸ್ಟರ್‌ನಿಂದ ಬೇರೆಯಾಗಿ ಷೇರುಪೇಟೆಗೆ ಬಂದದ್ದರಿಂದ ಅದರ ಲೆಕ್ಕಪತ್ರ ಎಲ್ಲರಿಗೂ ಸಿಗುತ್ತದೆ. 2024ರಲ್ಲಿ ಆದಾಯ ಸುಮಾರು 184 ಕೋಟಿ ಡಾಲರ್. ಸೇವೆ ಒದಗಿಸುವ ವೆಚ್ಚ ಕಳೆದು ಉಳಿದದ್ದು ಸುಮಾರು ಶೇ. 54. ಅಂದರೆ ಬಂದ ನೂರು ಡಾಲರ್‌ನಲ್ಲಿ ಸೇವೆಗೆ ಹೋದದ್ದು ಐವತ್ತಕ್ಕೂ ಕಡಿಮೆ. ಇದನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ಮೆಕ್ಯಾನಿಕ್‌ಗಳಿಗೆ ಸಗಟು ಕೆಲಸ ಕೊಡುವ ಕಂಪನಿಗೆ ರಿಪೇರಿ ಅಗ್ಗವಾಗಿ ಬೀಳುತ್ತದೆ, ಆದ್ದರಿಂದ ಅದೇ ಸೇವೆ ಮಾಲೀಕರ ಪಾಲಿಗೆ ಇನ್ನಷ್ಟು ಬೆಲೆಯುಳ್ಳದ್ದು. ಹದಿನೈದು ವರ್ಷದ ಎಸಿ ಇರುವ ಮನೆಗೆ ಸರಾಸರಿಯ ಲೆಕ್ಕ ಹೊಂದುವುದೂ ಇಲ್ಲ. ಇಷ್ಟೆಲ್ಲ ಬಿಟ್ಟುಕೊಟ್ಟರೂ, ನಾಲ್ಕೈದು ಮನೆಗಳಿರುವವರು ಆ ಕಂತನ್ನು ಬ್ಯಾಂಕಿನಲ್ಲೇ ಇಟ್ಟುಕೊಳ್ಳುವುದು ಲೇಸೆಂದು ನನಗೆ ತೋರುತ್ತದೆ: ಒಂದು ಮನೆಯ ಹೀಟರ್ ಕೆಟ್ಟ ವರ್ಷ ಉಳಿದವು ಸುಮ್ಮನಿರುವ ಸಾಧ್ಯತೆ ಹೆಚ್ಚು.

ಮತ್ತೇಕೆ ಜನ ಕೊಳ್ಳುತ್ತಾರೆ? ಅರ್ಥಶಾಸ್ತ್ರಜ್ಞ ಜಸ್ಟಿನ್ ಸಿಡ್ನರ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಮನೆ ವಿಮೆಯ ಕುರಿತದ್ದಾದರೂ ಇಲ್ಲಿಗೆ ಒಪ್ಪುತ್ತದೆ. ನಷ್ಟದಲ್ಲಿ ತಾವು ಹೊರುವ ಪಾಲನ್ನು 1,000 ಡಾಲರ್‌ನಿಂದ 500ಕ್ಕೆ ಇಳಿಸಿಕೊಳ್ಳಲು ಗ್ರಾಹಕರು ಸರಾಸರಿ 100 ಡಾಲರ್ ಕೊಡುತ್ತಿದ್ದರು. ಅದರ ನಿರೀಕ್ಷಿತ ಬೆಲೆ 25 ಡಾಲರ್‌ಗೂ ಕಡಿಮೆಯಿತ್ತು. ಸಣ್ಣ ನಷ್ಟದ ಭಯಕ್ಕೆ ಮನುಷ್ಯ ದೊಡ್ಡ ಬೆಲೆ ಕೊಡುತ್ತಾನೆ.

ಇನ್ನು ಗಡುವು. 1970ರ ಜಾವಿನ್ಸ್ ಪ್ರಕರಣದಲ್ಲಿ ವಾಷಿಂಗ್ಟನ್ ಡಿ.ಸಿ.ಯ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಸ್ಕೆಲಿ ರೈಟ್, ಬಾಡಿಗೆ ಕರಾರಿನಲ್ಲಿ ಬರೆದಿರದಿದ್ದರೂ ಮನೆ ವಾಸಯೋಗ್ಯವಾಗಿರಬೇಕೆಂಬ ಭರವಸೆ ಅಡಕವಾಗಿದೆ ಎಂದರು. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಗ್ರೀನ್ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಈಗ ಟೆಕ್ಸಾಸ್‌ನಲ್ಲಿ ಆರೋಗ್ಯಕ್ಕೆ, ಸುರಕ್ಷತೆಗೆ ಧಕ್ಕೆ ತರುವ ದೋಷವಿದ್ದರೆ ನೋಟಿಸ್ ತಲುಪಿದ 7 ದಿನವನ್ನು ತಕ್ಕ ಅವಧಿಯೆಂದು ಶಾಸನ ಭಾವಿಸುತ್ತದೆ. ಬಿಡಿಭಾಗ, ಕೆಲಸಗಾರರ ಲಭ್ಯತೆಯನ್ನು ತೋರಿಸಿ ಮಾಲೀಕ ವಾದಿಸಲು ಅವಕಾಶವಿದೆ. ಡಲ್ಲಾಸ್ ನಗರದ ನಿಯಮದಂತೆ ಎಸಿ ಕೋಣೆಯನ್ನು ಹೊರಗಿಗಿಂತ 15 ಡಿಗ್ರಿಯಾದರೂ ತಂಪಾಗಿ, ಯಾವ ಕಾರಣಕ್ಕೂ 85 ಡಿಗ್ರಿ ಫ್ಯಾರನ್‌ಹೀಟ್ ಮೀರದಂತೆ ಇಡಬಲ್ಲದಾಗಿರಬೇಕು. ಫೀನಿಕ್ಸ್‌ನಲ್ಲಿ ಮಿತಿ 82. ಅರಿಜೋನಾದಲ್ಲಿ ತಂಪುಗೊಳಿಸುವ ವ್ಯವಸ್ಥೆ ಕೆಟ್ಟು ಮಾಲೀಕ ಸುಮ್ಮನಿದ್ದರೆ, ನೋಟಿಸ್ ಕೊಟ್ಟ ಬಾಡಿಗೆದಾರರು ಬೇರೆಡೆ ತಂಗಿ ಆ ದಿನಗಳ ಬಾಡಿಗೆ ಕೊಡದಿರಬಹುದು.

ಜುಲೈನಲ್ಲಿ ಎಸಿ ನಿಂತಿತು ಎನ್ನೋಣ. ಕಂಪನಿ ಮೆಕ್ಯಾನಿಕ್‌ನನ್ನು ಕಳಿಸುತ್ತದೆ, ಅವನು ನೋಡಿ ವರದಿ ಕೊಡುತ್ತಾನೆ, ಕಂಪನಿ ಒಪ್ಪಬೇಕು, ಬಿಡಿಭಾಗ ತರಿಸಬೇಕು. ಕಾಯುವ ಪ್ರತಿ ದಿನವೂ ಮಾಲೀಕರ ಖಾತೆಗೆ. ಸ್ವಂತ ಹಣದಿಂದ ಹೊರಗಿನವರನ್ನು ಕರೆಸಿದರೆ, ಮೊದಲೇ ಒಪ್ಪಿಗೆ ಪಡೆಯದ ಖರ್ಚನ್ನು ಕಂಪನಿ ಸಾಮಾನ್ಯವಾಗಿ ಮರಳಿಸುವುದಿಲ್ಲ. ಆಗ ಕಂತೂ ಹೋಯಿತು, ರಿಪೇರಿಯ ಹಣವೂ ಹೋಯಿತು.

ಡಲ್ಲಾಸ್ ಕಡೆಯ ಮನೆಯನ್ನು ಬಾಡಿಗೆಗೆ ಕೊಟ್ಟು ಬೆಂಗಳೂರಿಗೋ ಮೈಸೂರಿಗೋ ಮರಳಿದವರಿಗೆ ವಾರಂಟಿ ಆಕರ್ಷಕವಾಗಿ ಕಾಣುವುದು ಸಹಜ: ಅಲ್ಲಿಯ ಮಧ್ಯಾಹ್ನ ಇಲ್ಲಿಯ ನಡುರಾತ್ರಿ. ಕೈಯಲ್ಲಿ ಹಣವಿಲ್ಲದ, ಒಂದೇ ಮನೆಯ, ಹಳೆಯ ಯಂತ್ರಗಳ ಮಾಲೀಕರಿಗೆ ಅದು ತಕ್ಕದ್ದೂ ಆಗಬಹುದು. ಮನೆ ಕೊಳ್ಳುವಾಗ ಮಾರಿದವರೇ ಮೊದಲ ವರ್ಷದ್ದನ್ನು ಕೊಡಿಸಿದ್ದರೆ ಬೇಡವೆನ್ನಲು ಕಾರಣವಿಲ್ಲ. ಆದರೆ ತೆರಿಗೆಯ ಒಂದು ಅಂಶವಿದೆ. ಅಮೆರಿಕದ ನಿವಾಸಿಗಳು ಕಂತನ್ನೂ ರಿಪೇರಿಯನ್ನೂ ಬಾಡಿಗೆ ಆದಾಯದಿಂದ ಕಳೆಯಬಹುದು. ಅಲ್ಲಿಯ ತೆರಿಗೆ ಕಾನೂನಿನ ಪ್ರಕಾರ ಅನಿವಾಸಿಯಾದವರಿಗೆ, ನಿವ್ವಳ ಆದಾಯದ ಆಯ್ಕೆಯನ್ನು ಬರೆದುಕೊಡದಿದ್ದರೆ, ಒಟ್ಟು ಬಾಡಿಗೆಯ ಮೇಲೇ ಶೇ. 30 ತೆರಿಗೆ, ಯಾವ ಖರ್ಚನ್ನೂ ಕಳೆಯುವಂತಿಲ್ಲ. ಕಂತಿನ ಪೂರ್ತಿ ಭಾರ ಆಗ ಅವರದೇ.

ದೂರದವರಿಗೆ ನಿಜವಾಗಿ ಬೇಕಾದದ್ದು ಸ್ಥಳದಲ್ಲೊಬ್ಬರ ಅಧಿಕಾರ. ಮನೆ ನೋಡಿಕೊಳ್ಳುವ ಪ್ರಾಪರ್ಟಿ ಮ್ಯಾನೇಜರ್ ಜೊತೆಗಿನ ಕರಾರಿನಲ್ಲಿ, ಮಾಲೀಕರನ್ನು ಕೇಳದೆ ಖರ್ಚು ಮಾಡಬಹುದಾದ ಮೊತ್ತವೊಂದು ನಮೂದಾಗಿರುತ್ತದೆ. ಬೇಸಿಗೆಯ ಎಸಿ ರಿಪೇರಿಗೆ ಸಾಲುವಷ್ಟು ಅದನ್ನು ಏರಿಸಿ, ಅಷ್ಟು ಹಣವನ್ನು ಅಲ್ಲಿಯ ಖಾತೆಯಲ್ಲಿ ಇಟ್ಟರೆ ಮೆಕ್ಯಾನಿಕ್ ಅದೇ ದಿನ ಬರಬಹುದು. ವಾರಂಟಿ ಕಂಪನಿಯೊಂದಿಗಿನ ಓಡಾಟಕ್ಕೆ ಬೇರೆ ಶುಲ್ಕ ಕೇಳುವ ಮ್ಯಾನೇಜರ್‌ಗಳೂ ಇದ್ದಾರೆ. ಕರಾರಿಗೆ ಸಹಿ ಹಾಕುವ ಮುನ್ನ ಆ ಸಾಲನ್ನೂ ಹುಡುಕಿ ನೋಡಬೇಕು.