ಕೇಳಿದವರಿಗೆ ಕಂಡ ಚಿತ್ರ

ಕನ್ನಡ ಪಾಠ ಹೇಳುವವನಿಗೂ ಅಂಕಿಗಳ ಸಹವಾಸ ತಪ್ಪಿದ್ದಲ್ಲ. ವರ್ಷಕ್ಕೊಮ್ಮೆ ಪರೀಕ್ಷೆಯ ಫಲಿತಾಂಶದ ವಿವರಣೆಯನ್ನು ಬರೆದು ಒಪ್ಪಿಸಬೇಕು. ನಾನು ಹಲವು ವರ್ಷ ಮಾಡುತ್ತಿದ್ದುದು ಇಷ್ಟೆ: ಎಲ್ಲರ ಅಂಕಗಳನ್ನು ಕೂಡಿಸುವುದು, ತಲೆಯೆಣಿಕೆಯಿಂದ ಭಾಗಿಸುವುದು, ಬಂದ ಸರಾಸರಿಯನ್ನು ಕೋಷ್ಟಕದ ಕೊನೆಯ ಮನೆಯಲ್ಲಿ ತುಂಬಿ ‘ತೃಪ್ತಿಕರ’ ಎಂದು ಷರಾ ಬರೆಯುವುದು. ಕಳೆದ ವರ್ಷ ಸಂಖ್ಯಾಶಾಸ್ತ್ರದ ಕಿರಿಯ ಸಹೋದ್ಯೋಗಿಯೊಬ್ಬರು ಆ ಹಾಳೆಯನ್ನು ನೋಡಿ, “ಇದನ್ನು ಚಿತ್ರ ಬರೆದು ನೋಡಿದ್ದೀರಾ?” ಎಂದರು. ಇಲ್ಲವೆಂದೆ. ಅವರು ಅಂಕಿಗಳನ್ನು ತಮ್ಮ ಗಣಕಯಂತ್ರಕ್ಕೆ ಊಡಿ ಎರಡು ಸಾಲಿನ ಅಪ್ಪಣೆ ಬರೆದರು. ತೆರೆಯ ಮೇಲೆ ಒಂದು ಗುಡ್ಡ ಮೂಡೀತೆಂದು ನಾನು ಎಣಿಸಿದ್ದೆ. ಮೂಡಿದ್ದು ಎರಡು ಗುಡ್ಡ. ಒಂದು ಸರಾಸರಿಗಿಂತ ಬಹಳ ಮೇಲೆ, ಇನ್ನೊಂದು ಬಹಳ ಕೆಳಗೆ. ನನ್ನ ಸರಾಸರಿ ನಿಂತಿದ್ದ ಜಾಗದಲ್ಲಿ ಹೆಚ್ಚುಕಡಮೆ ಯಾರೂ ಇರಲಿಲ್ಲ.

ಕೆಳಗಿನ ಗುಡ್ಡದಲ್ಲಿದ್ದವರ ಹೆಸರುಗಳನ್ನು ಓದಿಕೊಂಡೆ. ಬಹುಮಂದಿ ಬೆಳಗಿನ ಬಸ್ಸು ಹಿಡಿದು ಹಳ್ಳಿಗಳಿಂದ ಬರುವವರು. ಬಸ್ಸು ತಡವಾದರೆ ಅವರಿಗೆ ಮೊದಲ ಪಾಠ ತಪ್ಪುತ್ತದೆ. ಆ ಮೊದಲ ಪಾಠ ನನ್ನದು. ಇಷ್ಟು ವರ್ಷ ಈ ಮಕ್ಕಳನ್ನು ನಾನು ‘ತೃಪ್ತಿಕರ’ ಎಂಬ ಒಂದು ಮಾತಿನ ಕೆಳಗೆ ಹೂತಿಟ್ಟಿದ್ದೆನಲ್ಲಾ ಎಂದು ನಾಚಿಕೆಯಾಯಿತು. ಲೆಕ್ಕ ಬಾರದೆ ಹೋದದ್ದರಿಂದ ಆದ ತಪ್ಪಲ್ಲ ಇದು. ಲೆಕ್ಕ ಬಲ್ಲವರನ್ನು ಕೇಳುವುದಕ್ಕೆ ಸಂಕೋಚಪಟ್ಟದ್ದರಿಂದ ಆದದ್ದು. ವಯಸ್ಸಿನಲ್ಲಿ ಹಿರಿಯನಾದವನು ಕಿರಿಯರ ಮೇಜಿನ ಮುಂದೆ ನಿಂತು ಕೇಳುವುದೆಂತು ಎಂಬ ಬಿಗುಮಾನ.

ಆಮೇಲೆ ಕುತೂಹಲದಿಂದ ಈ ಶಾಸ್ತ್ರದ ಚರಿತ್ರೆಯನ್ನು ಒಂದಿಷ್ಟು ಓದಿದೆ. ಅಲ್ಲಿ ಕಂಡ ಸಂಗತಿ ನನ್ನ ಬಿಗುಮಾನವನ್ನು ಇಳಿಸಿತು. ಅಂಕಿಗಳನ್ನು ಚಿತ್ರವಾಗಿಸಿ ಲೋಕದ ಕಣ್ಣು ತೆರೆಸಿದ ದೊಡ್ಡವರಲ್ಲಿ ಅನೇಕರು ಮೊದಲು ಮಾಡಿದ ಕೆಲಸ ಇನ್ನೊಬ್ಬರನ್ನು ಸಹಾಯ ಕೇಳಿದ್ದು.

ಫ್ಲಾರೆನ್ಸ್ ನೈಟಿಂಗೇಲರನ್ನೇ ನೋಡೋಣ. ದೀಪ ಹಿಡಿದ ದೇವಿಯೆಂದು ಶಾಲೆಯ ಪಾಠದಲ್ಲಿ ನಾವೆಲ್ಲರೂ ಓದಿದ್ದೇವೆ. ೧೮೫೪ರ ನವೆಂಬರಿನಲ್ಲಿ ಆಕೆ ದಾದಿಯರ ತಂಡದೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದರು. ಕ್ರಿಮಿಯಾದ ಯುದ್ಧ ಮುಗಿದು ೧೮೫೬ರಲ್ಲಿ ಇಂಗ್ಲೆಂಡಿಗೆ ಮರಳಿದಾಗ ಅವರ ಬಳಿ ಇದ್ದದ್ದು ಸಾವಿನ ಲೆಕ್ಕ. ಅದನ್ನು ಓದುವ ಬಗೆಗಾಗಿ ಆಕೆ ಜನನ ಮರಣಗಳ ನೋಂದಣಿ ಕಚೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ವೈದ್ಯರ ನೆರವನ್ನು ಪಡೆದರು. ಮರಣಗಳನ್ನು ಕಾರಣವಾರು ವಿಂಗಡಿಸಿ ಎಣಿಸುವ ವಿದ್ಯೆಯಲ್ಲಿ ಫಾರ್ ಅವರಿಗೆ ಆ ಕಾಲದಲ್ಲಿ ಸಮಾನರು ವಿರಳ.

ಲೆಕ್ಕವನ್ನು ವಿಂಗಡಿಸಿದಾಗ ತೋರಿದ ಸತ್ಯ ಭಯಂಕರವಾಗಿತ್ತು. ೧೮೫೫ರ ಜನವರಿ ಒಂದೇ ತಿಂಗಳಲ್ಲಿ, ಸುಮಾರು ೩೨,೦೦೦ ಜನರಿದ್ದ ಸೈನ್ಯದಲ್ಲಿ, ಯುದ್ಧದ ಗಾಯಗಳಿಂದ ಸತ್ತವರು ೮೩ ಮಂದಿ. ತಡೆಯಬಹುದಾಗಿದ್ದ ಸಾಂಕ್ರಾಮಿಕ ರೋಗಗಳಿಂದ ಸತ್ತವರು ೨,೭೬೧ ಮಂದಿ. ಶತ್ರುವಿನ ಗುಂಡಿಗಿಂತ ತಮ್ಮದೇ ಶಿಬಿರದ ಕೊಳಚೆ ಮೂವತ್ತು ಪಾಲಿಗೂ ಮಿಕ್ಕು ಜನರನ್ನು ಕೊಂದಿತ್ತು! ಇದನ್ನು ಕೋಷ್ಟಕದಲ್ಲಿ ಕೊಟ್ಟರೆ ಮಂತ್ರಿಗಳು ಓದುವುದಿಲ್ಲವೆಂಬುದನ್ನು ನೈಟಿಂಗೇಲ್ ಅರಿತಿದ್ದರು. ವರ್ಷದ ಹನ್ನೆರಡು ತಿಂಗಳನ್ನು ಚಕ್ರದ ಹನ್ನೆರಡು ಎಸಳುಗಳಾಗಿ ಹರಡಿ, ಸಾವುಗಳನ್ನು ಬಣ್ಣ ಬಣ್ಣದಲ್ಲಿ ತುಂಬಿದ ಆಕೆಯ ಚಿತ್ರ ೧೮೫೮ರಲ್ಲಿ ಅಚ್ಚಾಯಿತು. ಅಂಕಿಅಂಶಗಳ ಬರವಣಿಗೆ ಎಷ್ಟು ಒಣಗಿದ್ದರೆ ಅಷ್ಟು ಮೇಲು ಎಂಬುದು ಫಾರ್ ಅವರ ಮತ. ಹೃದಯವನ್ನು ಮುಟ್ಟದ ಲೆಕ್ಕದಿಂದ ಪ್ರಯೋಜನವಿಲ್ಲವೆಂಬುದು ಆಕೆಯ ಹಟ. ಅವರ ಎಣಿಕೆಯ ಶಿಸ್ತು, ಇವರ ಕಣ್ಣು ಎರಡೂ ಕೂಡಿದ್ದರಿಂದ ಆ ಚಿತ್ರಕ್ಕೆ ಬಲ ಬಂತು.

ಆಕೆಯೂ ತಪ್ಪದೆ ಇರಲಿಲ್ಲ. ಮೊದಲಿನ ಒಂದು ಬಗೆಯ ಚಿತ್ರದಲ್ಲಿ ಸಾವಿನ ಪ್ರಮಾಣವನ್ನು ಎಸಳಿನ ಉದ್ದದಿಂದ ತೋರಿಸಿದ್ದರು. ಉದ್ದ ಇಮ್ಮಡಿಯಾದರೆ ಎಸಳಿನ ಹರಹು ನಾಲ್ಮಡಿಯಾಗಿ ನೋಡುವವರ ಕಣ್ಣು ಮೋಸಹೋಗುತ್ತದೆ. ಮುಂದೆ ಅದನ್ನು ತಿದ್ದಿ, ಹರಹೇ ಪ್ರಮಾಣವಾಗುವಂತೆ ಬರೆದರು. ಅದೇ ೧೮೫೮ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡಿತು.

ಇನ್ನು ನಮ್ಮ ದೇಶದ ಮಾತಿಗೆ ಬರೋಣ. ಭಾರತದಲ್ಲಿ ಈ ಶಾಸ್ತ್ರ ಬೇರೂರಿದ್ದು ಸಹಾಯದ ಕೋರಿಕೆಗಳಿಂದಲೇ ಎನ್ನಬಹುದು. ಪ್ರಶಾಂತಚಂದ್ರ ಮಹಲನೋಬಿಸ್ ಕೇಂಬ್ರಿಜ್ಜಿನಲ್ಲಿ ಭೌತಶಾಸ್ತ್ರ ಓದಿ ೧೯೧೫ರಲ್ಲಿ ಕಲ್ಕತ್ತೆಗೆ ಹೊರಟವರು. ಹೊರಡುವ ಮುನ್ನ ಗುರುಗಳೊಬ್ಬರು ತೋರಿಸಿದ ‘ಬಯಾಮೆಟ್ರಿಕ’ ಎಂಬ ಪತ್ರಿಕೆಯ ಸಂಪುಟಗಳನ್ನು ಕೊಂಡು, ಹಡಗಿನಲ್ಲಿಯೇ ಓದಲಾರಂಭಿಸಿದರು. ೧೯೧೭ರಲ್ಲಿ ಆಚಾರ್ಯ ಬ್ರಜೇಂದ್ರನಾಥ ಶೀಲರು ಕಲ್ಕತ್ತ ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳನ್ನು ಪರಿಶೀಲಿಸಿಕೊಡಬೇಕೆಂದು ಈ ತರುಣರನ್ನು ಕೇಳಿದರು. ಶೀಲರು ಆಗಲೇ ದೇಶವಿಖ್ಯಾತ ದಾರ್ಶನಿಕರು. ಮಹಲನೋಬಿಸರಿಗಿಂತ ಸುಮಾರು ಮೂವತ್ತು ವರ್ಷ ಹಿರಿಯರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ನಮ್ಮ ನಾಡಿಗೆ ಬಂದವರೂ ಅವರೇ. ಅಂಥವರಿಗೆ ಇಪ್ಪತ್ತನಾಲ್ಕರ ಹುಡುಗನನ್ನು ಕೇಳಲು ಬಿಗುಮಾನ ಅಡ್ಡಬರಲಿಲ್ಲ. ಅದೂ ಕೇಳಿದ್ದು ಪರೀಕ್ಷೆಯ ಅಂಕಗಳನ್ನು ಕುರಿತು! ಓದುತ್ತ ಓದುತ್ತ ನನ್ನ ಕೋಷ್ಟಕ ನೆನಪಾಯಿತು.

ಎರಡನೆಯ ಕೋರಿಕೆ ೧೯೨೦ರ ನಾಗಪುರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಬಂತು. ಪ್ರಾಣಿಶಾಸ್ತ್ರಜ್ಞರಾದ ನೆಲ್ಸನ್ ಆನಂಡೇಲರು ಕಲ್ಕತ್ತೆಯ ಆಂಗ್ಲೊ-ಇಂಡಿಯನ್ ಜನರ ದೇಹದ ಅಳತೆಗಳನ್ನು ಸಂಗ್ರಹಿಸಿಟ್ಟಿದ್ದರು, ಅರ್ಥಮಾಡಿಕೊಡುವವರು ಬೇಕಾಗಿತ್ತು. ಆ ಕೆಲಸದಿಂದ ೧೯೨೨ರಲ್ಲಿ ಮಹಲನೋಬಿಸರ ಮೊದಲ ಸಂಖ್ಯಾಶಾಸ್ತ್ರೀಯ ಲೇಖನ ಹೊರಬಂತು. ಒಂದು ಗುಂಪಿಗೂ ಮತ್ತೊಂದು ಗುಂಪಿಗೂ ಎಷ್ಟು ದೂರ ಎಂದು ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಹೇಳುವ ಬಗೆಯನ್ನು ಮುಂದೆ ಅವರು ಕಂಡುಹಿಡಿದರು. ೧೯೩೬ರ ಲೇಖನದಿಂದ ಪ್ರಸಿದ್ಧವಾದ ಆ ಅಳತೆಗೆ ‘ಮಹಲನೋಬಿಸ್ ದೂರ’ವೆಂದೇ ಹೆಸರು. ಅಷ್ಟರಲ್ಲಿ ೧೯೩೧ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಹುಟ್ಟಿತ್ತು.

ಆ ಸಂಸ್ಥೆಯ ನೆಲದಲ್ಲಿ ೧೯೩೮ರಲ್ಲಿ ಭಾರತದ ಮೊದಲ ಸಂಖ್ಯಾಶಾಸ್ತ್ರ ಸಮ್ಮೇಳನ ಸೇರಿದಾಗ ಅಧ್ಯಕ್ಷರಾಗಿ ಬಂದವರು ಇಂಗ್ಲೆಂಡಿನ ರೊನಾಲ್ಡ್ ಫಿಷರ್. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದೆಂದರೆ ಹೆಣದ ಪರೀಕ್ಷೆಗೆ ಕರೆದಂತೆ, ಪ್ರಯೋಗ ಯಾವುದರಿಂದ ಸತ್ತಿತೆಂದು ಮಾತ್ರ ಅವನು ಹೇಳಬಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದ್ದು ಅಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ ಎಂಬ ನಮ್ಮ ಗಾದೆಯ ಅಭಿಪ್ರಾಯವೂ ಇದೇ ಅಲ್ಲವೆ? ಕೇಳಿದರೆ ಸಾಲದು, ಹೊತ್ತಿಗೆ ಮುಂಚೆ ಕೇಳಬೇಕು.

ಈ ಪರಂಪರೆಯಲ್ಲಿ ಕನ್ನಡನಾಡಿನ ಮಣ್ಣಿನಲ್ಲಿ ಹುಟ್ಟಿದವರೊಬ್ಬರು ಇದ್ದಾರೆ. ಕಲ್ಯಂಪೂಡಿ ರಾಧಾಕೃಷ್ಣ ರಾಯರು ಹುಟ್ಟಿದ್ದು ೧೯೨೦ರ ಸೆಪ್ಟೆಂಬರ್ ೧೦ರಂದು, ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯಲ್ಲಿ. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಂದು ವಿಜಯನಗರ ಜಿಲ್ಲೆಗೆ ಸೇರಿದೆ. ಮನೆಮಾತು ತೆಲುಗು, ವಿದ್ಯಾಭ್ಯಾಸ ನಡೆದದ್ದು ಆಂಧ್ರದಲ್ಲಿ. ಗಣಿತದಲ್ಲಿ ಎಂ.ಎ. ಮುಗಿಸಿ, ೧೯೪೦ರಲ್ಲಿ ಕೆಲಸ ಅರಸುತ್ತ ಕಲ್ಕತ್ತೆಗೆ ಹೋದವರು ಆ ಕೆಲಸ ಸಿಗದೆ ಮಹಲನೋಬಿಸರ ಸಂಸ್ಥೆಯನ್ನು ಸೇರಿದರು.

ರಾಯರ ಹೆಸರನ್ನು ಜಗತ್ತಿನ ಪಠ್ಯಗಳಲ್ಲಿ ಸ್ಥಿರಗೊಳಿಸಿದ ಸಿದ್ಧಾಂತ ಹುಟ್ಟಿದ್ದು ತರಗತಿಯಲ್ಲಿ ಕೇಳಿದ ಪ್ರಶ್ನೆಯಿಂದ. ೧೯೪೪ರ ಸುಮಾರಿನಲ್ಲಿ ಅವರು, ಅಂದಾಜುಗಳ ನಿಖರತೆಗೆ ಒಂದು ಎಲ್ಲೆಯುಂಟೆಂಬ ಫಿಷರರ ಫಲಿತಾಂಶವನ್ನು ಪಾಠ ಹೇಳುತ್ತಿದ್ದರು. ಅದು ಅಂಕಿಗಳ ರಾಶಿ ಬಹು ದೊಡ್ಡದಾಗಿದ್ದಾಗ ಸಲ್ಲುವ ಮಾತು. ಸಣ್ಣ ರಾಶಿಗೂ ಇಂಥ ಎಲ್ಲೆಯನ್ನು ಸಾಧಿಸಬಾರದೇಕೆ ಎಂದು ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ. ಕೇಳಿದವರು ವಿ. ಎಂ. ದಾಂಡೇಕರ್, ಮುಂದೆ ಪ್ರಸಿದ್ಧ ಅರ್ಥಶಾಸ್ತ್ರಜ್ಞರಾದರು. ಉಪಾಧ್ಯಾಯರು ಗದರಿಸಿ ಕೂರಿಸಲಿಲ್ಲ. ಅಂದು ರಾತ್ರಿ ಕುಳಿತು ಬಿಡಿಸಿ, ಮರುದಿನ ತರಗತಿಯಲ್ಲಿ ಉತ್ತರ ಹೇಳಿದರು. ೧೯೪೫ರಲ್ಲಿ ಅಚ್ಚಾದ ಅದೇ ಇಂದಿನ ‘ಕ್ರಾಮರ್-ರಾವ್ ಅಸಮತೆ’.

ಮರುವರ್ಷ ಕೇಂಬ್ರಿಜ್ಜಿನಿಂದಲೇ ಕಲ್ಕತ್ತೆಗೆ ಸಹಾಯದ ಕೋರಿಕೆ ಬಂತು. ಸೂಡಾನಿನ ಜೆಬೆಲ್ ಮೋಯದಲ್ಲಿ ಅಗೆದು ತೆಗೆದ ಪ್ರಾಚೀನ ಜನರ ಎಲುಬುಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದವು. ಮಹಲನೋಬಿಸ್ ದೂರದ ಲೆಕ್ಕದಿಂದ ಅವುಗಳ ಬಾಂಧವ್ಯವನ್ನು ತಿಳಿಯಬೇಕಿತ್ತು. ೧೯೪೬ರಲ್ಲಿ ರಾಯರು ಹೋದರು. ಎಲುಬುಗಳನ್ನು ಅಳೆಯುತ್ತಲೇ ಫಿಷರರ ಶಿಷ್ಯರಾಗಿ ೧೯೪೮ರಲ್ಲಿ ಡಾಕ್ಟರೇಟ್ ಪಡೆದರು. ಒಂದು ಕಾಲಕ್ಕೆ ಪತ್ರಿಕೆಯ ಸಂಪುಟಗಳನ್ನು ನಮಗೆ ಕೊಟ್ಟ ಊರು ಮೂವತ್ತು ವರ್ಷದ ಮೇಲೆ ನಮ್ಮಿಂದಲೇ ಕೇಳಿ ಪಡೆಯಿತು. ರಾಯರು ೨೦೨೩ರ ಆಗಸ್ಟಿನಲ್ಲಿ, ನೂರೆರಡು ತುಂಬಿದ ವಯಸ್ಸಿನಲ್ಲಿ, ತೀರಿಕೊಂಡರು. ಹಡಗಲಿಯ ಹೆಸರು ಕೇಳಿದಾಗ ಮಲ್ಲಿಗೆಯ ಜೊತೆಗೆ ಇವರೂ ನೆನಪಾಗಬೇಕು.

ಅವರ ಕಾಲದ ಲೆಕ್ಕವೆಲ್ಲ ಕೈ ತಿರುಗಿಸುವ ಯಂತ್ರಗಳಲ್ಲಿ ನಡೆದದ್ದು. ಗಣಕಯಂತ್ರ ಬಂದ ಮೇಲೆ ಲೆಕ್ಕ ಸುಲಭವಾಯಿತು. ಅದರೊಡನೆ ಮೋಸಹೋಗುವುದೂ ಸುಲಭವಾಯಿತು. ಇದನ್ನು ಫ್ರಾನ್ಸಿಸ್ ಆನ್ಸ್‌ಕೋಮ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೭೩ರಲ್ಲಿ ಸೊಗಸಾಗಿ ತೋರಿಸಿಕೊಟ್ಟರು. ಅವರು ನಾಲ್ಕು ಸಣ್ಣ ಪಟ್ಟಿಗಳನ್ನು ಮಾಡಿದರು. ಒಂದೊಂದರಲ್ಲಿಯೂ ಹನ್ನೊಂದು ಜೋಡಿ ಅಂಕಿಗಳು. ನಾಲ್ಕರ ಸರಾಸರಿಗಳೂ ಒಂದೇ. ಅಂಕಿಗಳ ಪರಸ್ಪರ ಸಂಬಂಧವನ್ನು ಅಳೆಯುವ ಸಂಖ್ಯೆಯೂ ಹತ್ತಿರ ಹತ್ತಿರ ಒಂದೇ, ೦.೮೨. ಚಿತ್ರ ಬರೆದರೆ ಮಾತ್ರ ನಾಲ್ಕು ಮುಖಗಳು. ಒಂದು ಚೆದರಿದ ಓರೆಸಾಲು. ಇನ್ನೊಂದು ಬಾಗಿದ ಕಮಾನು. ಮೂರನೆಯದು ಒಂದು ಚುಕ್ಕೆಯ ಹೊರತು ನೆಟ್ಟನೆಯ ಗೆರೆ. ನಾಲ್ಕನೆಯದು ಲಂಬವಾಗಿ ನಿಂತ ಚುಕ್ಕೆಗಳು, ದೂರದಲ್ಲೊಂದು ಒಂಟಿ ಚುಕ್ಕೆ.

ಚಿತ್ರ ಬರೆಯುವ ಕೆಲಸವನ್ನು ಎಲ್ಲರ ಕೈಗೆಟುಕಿಸಿದ ಗಣಕಭಾಷೆಗಳ ಕಥೆಯೂ ಇದೇ ಕಾಲದ್ದು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೭೬ರಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಂಗಡಿಗರು ‘ಎಸ್’ ಎಂಬ ಭಾಷೆಯನ್ನು ಕಟ್ಟಲಾರಂಭಿಸಿದರು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು ೧೯೯೦ರ ದಶಕದ ಆದಿಯಲ್ಲಿ, ವಿದ್ಯಾರ್ಥಿಗಳಿಗೆ ಪಾಠ ಹೇಳಲು ಅದೇ ಜಾಡಿನಲ್ಲಿ ‘ಆರ್’ ಭಾಷೆಯನ್ನು ರಚಿಸಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಅದೇ. ೧೯೯೫ರಲ್ಲಿ ಅದನ್ನು ಯಾರು ಬೇಕಾದರೂ ಹಣವಿಲ್ಲದೆ ಬಳಸಬಹುದು, ಬಿಚ್ಚಿ ನೋಡಿ ತಿದ್ದಬಹುದು ಎಂದು ಲೋಕಕ್ಕೆ ಕೊಟ್ಟುಬಿಟ್ಟರು. ನನ್ನ ಸಹೋದ್ಯೋಗಿ ಎರಡು ಸಾಲು ಬರೆದದ್ದು ಈ ಭಾಷೆಯಲ್ಲಿಯೇ.

ಈ ಭಾಷೆಯಲ್ಲಿ ನನಗೆ ಹಿಡಿಸಿದ್ದು ಒಂದು ಗುಣ. ಯಾವುದಾದರೂ ಅಪ್ಪಣೆಯ ಹೆಸರಿನ ಮುಂದೆ ಪ್ರಶ್ನೆಯ ಚಿಹ್ನೆಯನ್ನು ಬರೆದರೆ ಅದು ತನ್ನ ವಿವರವನ್ನು ತಾನೇ ಹೇಳಿಕೊಳ್ಳುತ್ತದೆ. ಕೊನೆಗೆ ಸಾಮಾನ್ಯವಾಗಿ ಮಾಡಿ ನೋಡಲು ಉದಾಹರಣೆಯನ್ನೂ ಕೊಡುತ್ತದೆ. ಅಭ್ಯಾಸಕ್ಕೆಂದು ಹಳೆಯ ಅಂಕಿಪಟ್ಟಿಗಳೂ ಒಳಗೇ ಇವೆ. ಆನ್ಸ್‌ಕೋಮರ ನಾಲ್ಕು ಪಟ್ಟಿ ಅಲ್ಲಿದೆ. ಎಡ್ಗರ್ ಆಂಡರ್ಸನ್ ಎಂಬ ಸಸ್ಯಶಾಸ್ತ್ರಜ್ಞರು ಒದಗಿಸಿದ, ಫಿಷರರು ೧೯೩೬ರಲ್ಲಿ ಪರಿಶೀಲಿಸಿದ ೧೫೦ ಐರಿಸ್ ಹೂಗಳ ಅಳತೆಯೂ ಇದೆ.

ಆದರೆ ಯಂತ್ರ ಹೇಳುವುದು ಅಪ್ಪಣೆ ಹೇಗೆ ಬರೆಯಬೇಕೆಂಬುದನ್ನು ಮಾತ್ರ. ಏನನ್ನು ಕೇಳಬೇಕೆಂಬುದಕ್ಕೆ ಮನುಷ್ಯರೇ ಬೇಕು. ಸಹೋದ್ಯೋಗಿಯಿಂದ ನಾನು ಕಲಿತ ಕ್ರಮ ಚಿಕ್ಕದು. “ಲೆಕ್ಕ ತಪ್ಪುತ್ತಿದೆ” ಎಂದು ಗೊಣಗಿದರೆ ಯಾರೂ ಸಹಾಯ ಮಾಡಲಾರರು. ತಿಳಿಯಬೇಕಾದದ್ದು ಏನೆಂದು ಒಂದು ವಾಕ್ಯದಲ್ಲಿ ಹೇಳಬೇಕು. ಅಂಕಿಗಳು ಎಲ್ಲಿಂದ, ಹೇಗೆ ಬಂದವೆಂದು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಕಟ್ಟುಗಟ್ಟಲೆ ಕಾಗದ ಹೊರಿಸದೆ, ತೊಡಕು ಕಾಣುವಷ್ಟು ಸಣ್ಣ ಮಾದರಿಯನ್ನು ಕೊಡಬೇಕು. ಕೊನೆಯದಾಗಿ, ಉತ್ತರ ನಮಗೆ ಹಿತವಾಗದಿದ್ದರೂ ಕೇಳಿಸಿಕೊಳ್ಳಬೇಕು.

ಹಿತವಾಗದ ಮಾತನ್ನು ನನಗೂ ಹೇಳಿದರು. ಎರಡು ಗುಡ್ಡವನ್ನು ಕಂಡ ಕೂಡಲೆ, “ಹಾಗಾದರೆ ಬಸ್ಸೇ ಕಾರಣ” ಎಂದು ನಾನು ತೀರ್ಪು ಕೊಟ್ಟಿದ್ದೆ. “ಚಿತ್ರ ಎರಡು ಗುಂಪು ಇದೆಯೆಂದು ಹೇಳುತ್ತದೆ ಸಾರ್, ಏಕೆಂದು ಹೇಳುವುದಿಲ್ಲ. ಬಸ್ಸು ತಡವಾದ ದಿನಗಳನ್ನು ನೀವು ಬರೆದಿಟ್ಟಿಲ್ಲವಲ್ಲ” ಎಂದರು. ಹೆಣದ ಪರೀಕ್ಷೆಗೆ ಕರೆದಿದ್ದೆ ಎಂಬುದು ಆಗ ಹೊಳೆಯಿತು.

ಈ ವರ್ಷ ನನ್ನ ಪಾಠವನ್ನು ಮೂರನೆಯ ವೇಳೆಗೆ ಹಾಕಿಸಿಕೊಂಡಿದ್ದೇನೆ. ಗುಡ್ಡ ಒಂದಾಗುವುದೋ ಎರಡಾಗಿಯೇ ಉಳಿಯುವುದೋ ಪರೀಕ್ಷೆ ಮುಗಿಯುವವರೆಗೆ ತಿಳಿಯದು. ಆದರೆ ಏನೇನನ್ನು ಗುರುತುಹಾಕಿಕೊಳ್ಳಬೇಕೆಂದು ಜೂನ್ ತಿಂಗಳಲ್ಲಿಯೇ ಅವರ ಮೇಜಿನ ಮುಂದೆ ನಿಂತು ಕೇಳಿ ಬಂದೆ. ನನ್ನ ಹಾಜರಿ ಪುಸ್ತಕದಲ್ಲಿ ಈಗ ಒಂದು ಮನೆ ಹೆಚ್ಚಾಗಿದೆ. ಬಸ್ಸು ಬಂದ ಹೊತ್ತನ್ನು ಬರೆಯುವುದಕ್ಕೆ.