ಮಕ್ಕಳಲ್ಲಿ ಎಚ್.ಐ.ವಿ. ಸೋಂಕು ಮತ್ತು ರೋಗ ನಿರೋಧಕ ಶಕ್ತಿ

ಸೋಂಕಿನ ಪರಿಣಾಮ
ಎಚ್.ಐ.ವಿ. ವೈರಾಣುವು ರಕ್ತದಲ್ಲಿರುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ನಾಶಪಡಿಸುತ್ತದೆ. ರೋಗಾಣುಗಳ ವಿರುದ್ಧ ದೇಹದ ಇತರ ರಕ್ಷಕ ಕಣಗಳನ್ನು ಸಜ್ಜುಗೊಳಿಸುವುದು ಇವುಗಳ ಕಾರ್ಯವಾಗಿರುತ್ತದೆ. ವಯಸ್ಕರಲ್ಲಿ ಈ ಶಕ್ತಿ ಕುಗ್ಗಲು ಸಾಮಾನ್ಯವಾಗಿ ಹಲವು ವರ್ಷಗಳು ಹಿಡಿಯುತ್ತವೆ. ಶಿಶುಗಳಲ್ಲಿ ರೋಗ ನಿರೋಧಕ ವ್ಯವಸ್ಥೆಯು ಇನ್ನೂ ಬೆಳೆಯುತ್ತಿರುವುದರಿಂದ ಕೆಲವೇ ತಿಂಗಳುಗಳಲ್ಲಿ ಕುಗ್ಗಬಹುದು. ಚಿಕಿತ್ಸೆ ದೊರೆಯದಿದ್ದಲ್ಲಿ, ಸೋಂಕಿತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು 2 ವರ್ಷ ತುಂಬುವ ಮುನ್ನವೇ ಮರಣ ಹೊಂದುತ್ತವೆ.

ಲಕ್ಷಣಗಳು
ತೂಕ ಹೆಚ್ಚದಿರುವುದು, ಪದೇ ಪದೇ ನ್ಯುಮೋನಿಯಾ ಅಥವಾ ಭೇದಿ, ಬಾಯಿಯಲ್ಲಿ ಬಿಳಿ ಹುಣ್ಣು, ಕ್ಷಯ. ಆರಂಭದಲ್ಲಿ ಯಾವ ಲಕ್ಷಣವೂ ಕಾಣದಿರಬಹುದು. ಆದ್ದರಿಂದ ಲಕ್ಷಣಗಳಿಗಾಗಿ ಕಾಯಬಾರದು.

ಪರೀಕ್ಷೆ
ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ ಕಾರಣ, ಸಾಮಾನ್ಯ ರಕ್ತಪರೀಕ್ಷೆಯಿಂದ ಶಿಶುವಿಗೆ ಸೋಂಕು ತಗುಲಿದೆಯೆಂದು ನಿರ್ಧರಿಸಲಾಗುವುದಿಲ್ಲ. ಸೋಂಕಿತ ತಾಯಿಯ ಮಗುವಿಗೆ 6 ವಾರ ತುಂಬಿದಾಗ ವೈರಾಣುವನ್ನೇ ಗುರುತಿಸುವ ಪಿ.ಸಿ.ಆರ್. ಪರೀಕ್ಷೆ ಮಾಡಿಸಬೇಕು. ಇದರಲ್ಲಿ ಸೋಂಕು ಕಾಣದಿದ್ದರೂ 6 ಮತ್ತು 12ನೇ ತಿಂಗಳಲ್ಲಿ ಪುನಃ ಪರೀಕ್ಷಿಸಿ, 18ನೇ ತಿಂಗಳಲ್ಲಿ ಅಂತಿಮವಾಗಿ ದೃಢಪಡಿಸಿಕೊಳ್ಳಬೇಕು.

ಚಿಕಿತ್ಸೆ
ಭಾರತದಲ್ಲಿ ಎ.ಆರ್.ಟಿ. ಔಷಧಿಗಳನ್ನು 2004ರಿಂದ ಉಚಿತವಾಗಿ ನೀಡಲಾಗುತ್ತಿದ್ದು, 2006ರಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಕಾರ್ಯಕ್ರಮ ಆರಂಭಗೊಂಡಿತು. 2008ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನವೊಂದರಲ್ಲಿ, ತಡವಾಗಿ ಚಿಕಿತ್ಸೆ ಪಡೆದ ಶಿಶುಗಳಿಗೆ ಹೋಲಿಸಿದರೆ ಹುಟ್ಟಿದ 12 ವಾರಗಳೊಳಗೆ ಚಿಕಿತ್ಸೆ ಪಡೆದವರಲ್ಲಿ ಮರಣ ಪ್ರಮಾಣವು ಶೇ. 76ರಷ್ಟು ಕಡಿಮೆಯಿತ್ತು. ಔಷಧಿಯನ್ನು ತಪ್ಪದೆ ಸೇವಿಸಿದಲ್ಲಿ ಸಿಡಿ4 ಕಣಗಳು ಮತ್ತೆ ವೃದ್ಧಿಯಾಗಿ, ಮಗುವು ಇತರ ಮಕ್ಕಳಂತೆ ಬೆಳೆದು ಶಾಲೆಗೆ ಹೋಗಬಹುದು. ಔಷಧಿಯನ್ನು ಜೀವನಪರ್ಯಂತ ಮುಂದುವರಿಸಬೇಕಾಗುತ್ತದೆ.

ತಾಯಿಯಿಂದ ಮಗುವಿಗೆ ಹರಡದಂತೆ ತಡೆ
ಗರ್ಭಿಣಿಯು ಆರಂಭದಲ್ಲಿಯೇ ಪರೀಕ್ಷಿಸಿಕೊಂಡು ಚಿಕಿತ್ಸೆ ಪಡೆದು, ಹುಟ್ಟಿದ ಮಗುವಿಗೂ ತಡೆ ಔಷಧಿ ಕೊಡಿಸಿದಲ್ಲಿ ಸೋಂಕು ಹರಡುವ ಸಂಭವವನ್ನು ಶೇ. 5ಕ್ಕಿಂತ ಕೆಳಗೆ ತರಬಹುದಾಗಿದೆ.

ಸೇವೆ ಪಡೆಯುವ ವಿಧಾನ
ಬಬಲೇಶ್ವರ ತಾಲ್ಲೂಕಿನ ನಿಡೋಣಿ ಹಾಗೂ ಸುತ್ತಲಿನ ಗ್ರಾಮಗಳ ಗರ್ಭಿಣಿಯರು ಮತ್ತು ಪೋಷಕರು ತಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ವಿಜಯಪುರದ ಜಿಲ್ಲಾ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ ಚಿಕಿತ್ಸೆ ಉಚಿತ. ಎಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಅಧಿನಿಯಮ, 2017ರ ಅನ್ವಯ ಸೋಂಕಿತರ ಮಾಹಿತಿಯನ್ನು ಗೌಪ್ಯವಾಗಿಡತಕ್ಕದ್ದು. ಸೋಂಕಿನ ಕಾರಣಕ್ಕೆ ಮಗುವಿಗೆ ಶಾಲಾ ಪ್ರವೇಶ ನಿರಾಕರಿಸುವಂತಿಲ್ಲ. ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ: 1097.